ಒಂದು ಹಳೇ ಸ್ವಿಫ್ಟ್, ನಾಲ್ಕು ಸೆಟ್ ಬ್ರೇಕ್ ಪ್ಯಾಡ್: 1,19,000 ಕಿ.ಮೀ. ಆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಬೀಜ, ಗೊಬ್ಬರದ ವ್ಯಾಪಾರದವನು. ಮನೆ ದಾವಣಗೆರೆಯಲ್ಲಿ. ವಾರಕ್ಕೆ ಎರಡು ಸಲ ಚಿತ್ರದುರ್ಗ, ಉಳಿದ ದಿನ ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆ ಹಳ್ಳಿ ಸುತ್ತುವುದು. ಗಾಡಿ 2014ರ ಸ್ವಿಫ್ಟ್ ಡೀಸೆಲ್, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಕೆಳಗಿನ ಮಾಡೆಲ್. ಮುಂದೆ ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯೋದೇ ಪ್ಯಾಡ್), ಹಿಂದೆ ಡ್ರಮ್ (ಒಳಗಿನಿಂದ ಶೂ ಒತ್ತಿ ಹಿಡಿಯುವ ಡಬ್ಬಿಯಂಥದ್ದು). 2017ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ 46,000 ಓಡಿತ್ತು, ಈಗ 1,65,000 ಆಗಿದೆ. ಇಷ್ಟರಲ್ಲಿ ಮುಂದಿನ ಪ್ಯಾಡ್ ನಾಲ್ಕು ಸೆಟ್ ಹಾಕಿಸಿದ್ದೇನೆ. ಡಿಸ್ಕ್ ಒಂದು ಜೊತೆ, ಟೈರ್ ಎರಡು ಸಲ ಬದಲಾಗಿವೆ. ‘ಬ್ರೇಕ್ ಅಪ್‌ಗ್ರೇಡ್ ಮಾಡಿಸಬೇಕು ಮಾರಾಯ, ಯಾವುದು ಹಾಕಿಸಲಿ’ ಅಂತ ಮೂರ್ನಾಲ್ಕು ಜನ ಕೇಳಿದ್ದಾರೆ. ಪ್ರತಿಯೊಬ್ಬರಿಗೂ ಫೋನಲ್ಲಿ ಅರ್ಧ ಗಂಟೆ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ನಮ್ಮ ಕಡೆ ಬ್ರೇಕ್‌ಗೆ ಎರಡು ಥರದ ಕೆಲಸ. ಒಂದು ಹೈವೇ 48. ದುರ್ಗಕ್ಕೆ ಅರವತ್ತು ಕಿ.ಮೀ. ಚಿಲ್ಲರೆ, ನೂರರಲ್ಲಿ ಆರಾಮಾಗಿ ಹೋಗ್ತಾ ಇರ್ತೀರಿ, ಭರಮಸಾಗರದ ಆಸುಪಾಸು ಯಾರೋ ಬೈಕಿನವರು ರಾಂಗ್ ಸೈಡಲ್ಲಿ ನಗುತ್ತಾ ಎದುರಿಗೆ ಬರುತ್ತಾರೆ. ಎಂಬತ್ತರಿಂದ ನೂರಕ್ಕೆ ಏರಿದರೆ ವೇಗ ಕಾಲು ಭಾಗ ಜಾಸ್ತಿ ಆಯಿತು ಅಷ್ಟೇ ಅನ್ನಿಸುತ್ತೆ. ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗಿರುತ್ತೆ, ಅದು ವೇಗದ ವರ್ಗದ ಲೆಕ್ಕದಲ್ಲಿ ಏರುವಂಥದ್ದು. ಇನ್ನೊಂದು ಹಳ್ಳಿ ರಸ್ತೆ. ಬಣ್ಣ ಹೊಡೆಯದ ಹಂಪು, ಕುರಿ ಮಂದೆ, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರವಿದ ಮೆಕ್ಕೆಜೋಳ. ಆ ಕಾಳಿನ ಮೇಲೆ ಚಕ್ರ ಹೋದರೆ ಜಗತ್ತಿನ ಯಾವ ಬ್ರೇಕೂ ಕೆಲಸಕ್ಕೆ ಬರಲ್ಲ, ಅದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಮೊದಲ ಸೆಟ್ ಕಂಪನಿಯದೇ. ಹೇಳೋಕೆ ಏನೂ ಇಲ್ಲ. 38,000 ಓಡಿತು, ಸದ್ದಿಲ್ಲ, ತಕರಾರಿಲ್ಲ. ಚಕ್ರ ಕರ್ರಗಾಗುತ್ತಿತ್ತು, ಅಷ್ಟೇ.

ಎರಡನೇ ಸೆಟ್‌ನಲ್ಲಿ ನಾನು ಜಾಣತನ ತೋರಿಸಿದೆ. ಅಂಗಡಿಯವನು ‘ಅದೇ ಫ್ಯಾಕ್ಟರಿ ಮಾಲು, ಡಬ್ಬಿ ಮಾತ್ರ ಬೇರೆ’ ಅಂತ 650 ರೂಪಾಯಿಗೆ ಕೊಟ್ಟ. ಅಂಗಡಿ ಹೆಸರು ಬೇಡ. ಮೊದಲ ವಾರ ಚೆನ್ನಾಗೇ ಹಿಡಿಯಿತು. ಅದೇ ಮೋಸ ನೋಡಿ, ತಣ್ಣಗಿರುವಾಗ ಊರೊಳಗೆ ಎಂಥ ಪ್ಯಾಡ್ ಆದರೂ ಹಿಡಿಯುತ್ತೆ. ಪಿ.ಬಿ. ರೋಡಲ್ಲಿ ಮೂವತ್ತರಲ್ಲಿ ಹೋಗುವವನಿಗೆ ವ್ಯತ್ಯಾಸ ಗೊತ್ತಾಗೋದೇ ಇಲ್ಲ.

ಗೊತ್ತಾಗಿದ್ದು ಆಗುಂಬೆಯಲ್ಲಿ. ಉಡುಪಿಗೆ ಹೊರಟಿದ್ದೆವು. ಮನೆಯವರು, ಅತ್ತೆ, ಇಬ್ಬರು ಮಕ್ಕಳು, ಹಿಂದೆ ಲಗೇಜ್. ಘಾಟಿ ಇಳಿಯುವಾಗ ಮುಂದೊಂದು ಟೆಂಪೋ ಟ್ರಾವೆಲರ್ ಆಮೆ ಥರ ಹೋಗುತ್ತಿತ್ತು, ನಾನೂ ಮೂರನೇ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಅದರ ಹಿಂದೆ. ಹದಿನಾಲ್ಕು ತಿರುವಿನಲ್ಲಿ ಏಳೆಂಟು ಮುಗಿದಿರಬೇಕು. ಮೊದಲು ವಾಸನೆ ಬಂತು. ‘ಏನೋ ಸುಟ್ಟಂಗೈತಲ್ಲಪ್ಪಾ’ ಅಂದರು ಅತ್ತೆ. ಹೊರಗಿನ ಗಾಡಿದಿರಬೇಕು ಅಂದೆ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದೆ, ಪೆಡಲ್ ಕಲ್ಲಿನ ಥರ ಗಟ್ಟಿಯಾಗಿದೆ, ಗಾಡಿ ಮಾತ್ರ ನಿಧಾನ ಆಗ್ತಿಲ್ಲ. ಇನ್ನೂ ಒತ್ತಿದೆ. ಸ್ವಲ್ಪ ಕೇಳಿತು. ಎರಡನೇ ಗೇರ್, ಆಮೇಲೆ ಒಂದನೇ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಹಲ್ಲು ಹಲ್ಲು ಎಳೆದು, ಜಾಗ ಸಿಕ್ಕ ಕಡೆ ನಿಲ್ಲಿಸಿದೆ. ಮುಂದಿನ ಎರಡೂ ಚಕ್ರದಿಂದ ಹೊಗೆ. ಮಕ್ಕಳಿಗೆ ಮಂಗ ತೋರಿಸುತ್ತಾ ಮುಕ್ಕಾಲು ಗಂಟೆ ಕೂತೆವು.

ಆಮೇಲೆ ತಿಳಿದುಕೊಂಡೆ, ಇದರಲ್ಲಿ ಎರಡು ಜಾತಿ ಇದೆ. ಪೆಡಲ್ ಗಟ್ಟಿಯಾಗಿದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಪೆಡಲಿನ ಒತ್ತಡವನ್ನು ಚಕ್ರದವರೆಗೆ ಒಯ್ಯುವ ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿ ಗುಳ್ಳೆ ಆಗಿದೆ ಅಂತ. ನನ್ನದು ಮೊದಲನೆಯದು. ತಪ್ಪು ಪೂರ್ತಿ ಪ್ಯಾಡಿನದಲ್ಲ ಅನ್ನೋದೂ ನಿಜ. ಘಾಟಿಯನ್ನು ಎರಡನೇ ಗೇರಲ್ಲಿ ಇಳಿದು ಎಂಜಿನ್‌ಗೆ ಅರ್ಧ ಕೆಲಸ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಊರಿಗೆ ಬಂದು ಬಿಚ್ಚಿಸಿದರೆ ಪ್ಯಾಡಿನ ಮುಖ ಗಾಜಿನ ಥರ ಹೊಳೆಯುತ್ತಿತ್ತು. ಡಿಸ್ಕ್ ಮೇಲೆ ಗ್ರಾಮಫೋನ್ ಪ್ಲೇಟಿನ ಹಾಗೆ ಗೀರು. ಪ್ಯಾಡಿನ ಅಂಚಿನಲ್ಲಿ ಒಂದಕ್ಷರ ಇರಲಿಲ್ಲ. ಒಳ್ಳೆ ಪ್ಯಾಡಿನ ಅಂಚಿನಲ್ಲೋ ಬೆನ್ನಲ್ಲೋ ಉದ್ದನೆ ನಂಬರ್ ಇರುತ್ತೆ, ಬಹಳಷ್ಟರಲ್ಲಿ ಅದರ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ. ಮೊದಲನೆಯದು ಕಡಿಮೆ ಬಿಸಿಯಲ್ಲಿ ಎಷ್ಟು ಹಿಡಿಯುತ್ತೆ ಅಂತ, ಎರಡನೆಯದು ಕಾದಾಗ ಎಷ್ಟು ಅಂತ. ಇ ಅಂದರೆ ಘರ್ಷಣೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ದಿನದ ಓಡಾಟಕ್ಕೆ ಎಫ್‌ಎಫ್ ಬೇಕಾದಷ್ಟಾಯಿತು. ಆ ಅಕ್ಷರ ಇದ್ದ ಮಾತ್ರಕ್ಕೆ ಬಾಳಿಕೆ ಬರುತ್ತೆ ಅಂತಲ್ಲ, ಆದರೆ ಏನೂ ಬರೆಯದ ಪ್ಯಾಡನ್ನು ನಾನಂತೂ ಇನ್ನು ಮುಟ್ಟಲ್ಲ. 11,000ಕ್ಕೇ ಆ ಸೆಟ್ ಕಿತ್ತು ಬಿಸಾಕಿದೆ.

ಮೂರನೆಯದು ರಾಣೆ ಬ್ರಾಂಡಿನ ಪ್ಯಾಡ್, ಜೊತೆಗೆ ಹೊಸ ಡಿಸ್ಕ್. ಪ್ಯಾಡ್ ಸಾವಿರದ ಮುನ್ನೂರರ ಆಸುಪಾಸು, ಡಿಸ್ಕ್ ಒಂದು ಜೋಡಿಗೆ ಮೂರೂವರೆ ಸಾವಿರದ ಮೇಲೆ. ಹಳೇ ಡಿಸ್ಕನ್ನೇ ಲೇತ್ ಮೆಷಿನ್ನಲ್ಲಿ ತೆಳುವಾಗಿ ಹೆರೆಸಿ ಸಮ ಮಾಡಿಸಬಹುದಿತ್ತು, ಆದರೆ ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೊರೆದಿರುತ್ತೆ, ನನ್ನದು ಅದಕ್ಕಿಂತ ಅರ್ಧ ಮಿಲಿಮೀಟರ್ ಕೂಡ ಮೇಲಿರಲಿಲ್ಲ. ಲೇತಿಗೆ ಕೊಟ್ಟರೆ ಅದೂ ಹೋಗುತ್ತಿತ್ತು.

ಹೊಸ ಡಿಸ್ಕ್, ಹೊಸ ಪ್ಯಾಡ್, ಇನ್ನೇನು ಬೇಕು ಅಂದುಕೊಂಡೆ. ನಾಲ್ಕು ಸಾವಿರ ಕಿ.ಮೀ. ಆಗುವಷ್ಟರಲ್ಲಿ ಎಂಬತ್ತರಲ್ಲಿ ಬ್ರೇಕ್ ಹಿಡಿದರೆ ಸ್ಟೇರಿಂಗ್ ಗಡಗಡ ನಡುಗಲು ಶುರು. ಫಿಟ್ ಮಾಡಿದ ಗ್ಯಾರೇಜಿನವರು ‘ಡಿಸ್ಕ್ ಬೆಂಡ್ ಆಗಿದೆ, ಬೇರೆ ಹಾಕಿ’ ಅಂದರು. ಮತ್ತೆ ಮೂರೂವರೆ ಸಾವಿರ! ಹೊಟ್ಟೆ ಉರಿದುಹೋಯಿತು. ಆಗ ಹೋಗಿದ್ದು ಈಗಿನ ನಮ್ಮ ಮೆಕ್ಯಾನಿಕ್ ಅಣ್ಣನ ಹತ್ತಿರ. ಹದಡಿ ರೋಡಿನ ಕಡೆ ತಗಡಿನ ಶೆಡ್ಡು, ಬೋರ್ಡೂ ಇಲ್ಲ.

ಅವರು ಚಕ್ರ ಬಿಚ್ಚಿ, ನಟ್‌ಗಳನ್ನು ಮಾತ್ರ ವಾಪಸ್ ಹಾಕಿ ಡಿಸ್ಕ್ ಬಿಗಿ ಮಾಡಿದರು. ಒಂದು ಸ್ಕ್ರೂ ಡ್ರೈವರನ್ನು, ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್‌ಗೆ ತಂತಿಯಲ್ಲಿ ಕಟ್ಟಿ, ತುದಿ ಡಿಸ್ಕಿಗೆ ಕೂದಲೆಳೆಯಷ್ಟು ದೂರ ಇರುವ ಹಾಗೆ ನಿಲ್ಲಿಸಿದರು. ಕೈಯಲ್ಲಿ ಡಿಸ್ಕ್ ತಿರುಗಿಸಿದರೆ ಅರ್ಧ ಸುತ್ತು ಸದ್ದಿಲ್ಲ, ಒಂದು ಕಡೆ ಬಂದಾಗ ಸರ್ ಅಂತ ತಾಗುತ್ತೆ. ‘ನೋಡ್ರಿ ಸರ್, ಡಿಸ್ಕ್ ಚಲೋ ಐತಿ, ಕೂತಿರೋ ಜಾಗ ಸರಿ ಇಲ್ಲ’ ಅಂದರು. ಡಿಸ್ಕ್ ತೆಗೆದರೆ ಅದು ಕೂರುವ ಹಬ್ ಮುಖದ ಮೇಲೆ ಹಳೇ ತುಕ್ಕು, ಒಂದು ಕಡೆ ಹಕ್ಕಳೆಯ ಹಾಗೆ ಎದ್ದಿತ್ತು. ಹಳೇ ಗ್ಯಾರೇಜಿನವರು ಒರೆಸದೆ ಅದರ ಮೇಲೇ ಹೊಸ ಡಿಸ್ಕ್ ಕೂರಿಸಿದ್ದರು. ಹಾಗೆ ಓರೆಯಾಗಿ ತಿರುಗುವ ಡಿಸ್ಕ್ ಪ್ರತಿ ಸುತ್ತಿಗೂ ಪ್ಯಾಡಿಗೆ ಒಂದೇ ಕಡೆ ಉಜ್ಜಿ ಉಜ್ಜಿ, ಸಾವಿರಾರು ಕಿ.ಮೀ. ಆದ ಮೇಲೆ ದಪ್ಪದಲ್ಲೇ ಏರುಪೇರಾಗುತ್ತೆ. ನಡುಕ ಅದರದ್ದು. ಡಿಸ್ಕ್ ಬೆಂಡ್ ಆಗಿದೆ ಅನ್ನೋದು ಬಹಳ ಸಲ ಬಾಯಿಮಾತು. ಎಮರಿ ಪೇಪರಲ್ಲಿ ಹಬ್ ಉಜ್ಜಿ ಹೊಳೆಸಿ, ಡಿಸ್ಕನ್ನು ಲೇತಲ್ಲಿ ಒಂದು ಸಣ್ಣ ಕಟ್ ಹಿಡಿಸಿದರು. ಹೊಸದಾದ್ದರಿಂದ ದಪ್ಪ ಇತ್ತು. ನಟ್‌ಗಳನ್ನು ಏರ್ ಗನ್ನಲ್ಲಿ ಬಡಿಯದೆ ಟಾರ್ಕ್ ರೆಂಚಲ್ಲಿ ಎದುರುಬದುರಾಗಿ ಬಿಗಿದರು. ಐನೂರು ರೂಪಾಯಿ ತಗೊಂಡರು. ಆ ಡಿಸ್ಕೇ ಇವತ್ತಿಗೂ ಗಾಡಿಯಲ್ಲಿದೆ.

ಅವತ್ತೇ ಇನ್ನೊಂದು ತೋರಿಸಿದರು. ಎಡಗಡೆ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಕಣ್ಣಿಗೆ ಕಾಣುವಷ್ಟು ಸವೆದಿತ್ತು. ಕ್ಯಾಲಿಪರ್ ಜಾರಾಡುವ ಪಿನ್ ಎರಡಿರುತ್ತವಲ್ವಾ, ಅದರಲ್ಲೊಂದು ಹಿಡಿದುಕೊಂಡಿತ್ತು. ಯಾರೋ ಹಿಂದೆ ಮಾಮೂಲಿ ಗ್ರೀಸ್ ತುಂಬಿದ್ದರು, ಅದಕ್ಕೆ ರಬ್ಬರ್ ಉಬ್ಬಿ ಪಿನ್ನನ್ನು ಅಪ್ಪಿಕೊಂಡಿತ್ತು. ಅಲ್ಲಿಗೆ ಹಾಕಬೇಕಾದ್ದು ಸಿಲಿಕೋನ್ ಗ್ರೀಸ್. ಸಣ್ಣ ಪೊಟ್ಟಣ, ನೂರು ರೂಪಾಯಿ ಒಳಗೆ. ರಬ್ಬರ್ ಬದಲಿಸಿ, ಪಿನ್ ತಿಕ್ಕಿ, ಹೊಸ ಗ್ರೀಸ್ ಹಾಕಿದ ಮೇಲೆ ಗಾಡಿ ಬ್ರೇಕ್ ಹಿಡಿದಾಗ ಪಕ್ಕಕ್ಕೆ ಎಳೆಯೋದು ನಿಂತಿತು. ಅದು ಎಳೆಯುತ್ತಿತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ, ಕೈ ತಾನೇ ಸ್ಟೇರಿಂಗ್ ಸರಿ ಮಾಡಿಕೊಳ್ಳುತ್ತಿತ್ತು. ಇಷ್ಟು ವರ್ಷದಲ್ಲಿ ನನ್ನ ಬ್ರೇಕ್‌ಗೆ ಆದ ಅತಿ ದೊಡ್ಡ ಅಪ್‌ಗ್ರೇಡ್ ಯಾವುದು ಅಂದರೆ ಆ ಪೊಟ್ಟಣ ಅಂತಲೇ ಹೇಳುತ್ತೇನೆ. ಈಗ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ತಪ್ಪದೆ ಮಾಡಿಸುತ್ತೇನೆ. ಮಾಡುವಷ್ಟು ಹೊತ್ತು ಎದುರಿಗಿನ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ.

ರಾಣೆ ಸೆಟ್ 41,000 ಬಂತು. ಹೊಸ ಪ್ಯಾಡ್ ಹತ್ತು ಮಿಲಿಮೀಟರ್ ಇರುತ್ತೆ ಅಂದುಕೊಳ್ಳಿ, ಮೂರಕ್ಕೆ ಇಳಿದಾಗ ತೆಗೆಸಿದೆ. ಪ್ಯಾಡ್ ಸವೆದಿದೆ ಅಂತ ಕೀಂಯ್ ಅಂದು ಎಚ್ಚರಿಸುವ ತಗಡು ಡಿಸ್ಕಿಗೆ ತಾಗುವವರೆಗೂ ಕಾಯಲಿಲ್ಲ.

ಈಗಿರೋದು ನಾಲ್ಕನೇ ಸೆಟ್, ಸೆರಾಮಿಕ್. ಹೊರದೇಶದ ಬ್ರಾಂಡು, ಆನ್‌ಲೈನಲ್ಲಿ 2,800 ಕೊಟ್ಟೆ. 29,000 ಆಗಿದೆ, ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಹಾಕಿದ ದಿನ ಬೆಳಿಗ್ಗೆ ಐದೂವರೆಗೆ ಬಾತಿ ಕಡೆ ಹೋಗಿ ಅರವತ್ತರಿಂದ ಹದಿನೈದಕ್ಕೆ ಇಳಿಸೋದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸೋದು, ಹೀಗೆ ಹತ್ತು ಸಲ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ನಾಲ್ಕೈದು ಕಿ.ಮೀ. ಸುಮ್ನೆ ಓಡಿಸಿ ತಣ್ಣಗಾಗಲು ಬಿಟ್ಟೆ. ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಹತ್ತಿಕೊಳ್ಳಲಿ ಅಂತ. ಇದನ್ನು ಯಾವ ಗ್ಯಾರೇಜಿನವರೂ ಮಾಡಿಕೊಡಲ್ಲ, ನೀವೇ ಮಾಡಿಕೊಳ್ಳಬೇಕು.

ಸೆರಾಮಿಕ್ ಹೇಗಿದೆ? ಸದ್ದಿಲ್ಲ. ಧೂಳು ಬಹಳ ಕಡಿಮೆ. ನಮ್ಮ ಮನೆಯವರಿಗೆ ಗೊತ್ತಾದ ವ್ಯತ್ಯಾಸ ಅದೊಂದೇ, ‘ಈ ಸಲ ಚಕ್ರ ತೊಳೆದಿದ್ದೀರಾ?’ ಅಂದರು. ಅದೇ ಆಗುಂಬೆಯನ್ನು ಈ ಸೆಟ್‌ನಲ್ಲಿ ಎರಡು ಸಲ ಇಳಿದೆ. ವಾಸನೆ ಇಲ್ಲ, ಭಯ ಇಲ್ಲ, ಆದರೆ ಈಗ ಎರಡನೇ ಗೇರಲ್ಲಿ ಇಳಿಯುತ್ತೇನೆ ಅಲ್ವಾ, ಅದಕ್ಕೆ ಪೂರ್ತಿ ಮಾರ್ಕ್ ಪ್ಯಾಡಿಗೆ ಕೊಡೋಕಾಗಲ್ಲ. ಬೇಸರ ಒಂದಿದೆ. ಜೋರು ಮಳೆಯಲ್ಲಿ, ಹೈವೇಲಿ ಹತ್ತು ನಿಮಿಷ ಬ್ರೇಕ್ ಹಿಡಿಯದೆ ಹೋದ ಮೇಲೆ, ಮೊದಲ ಒತ್ತಿಗೆ ಒಂದು ಕ್ಷಣ ಏನೂ ಆಗಲ್ಲ. ರಾಣೆಯಲ್ಲಿ ಇಷ್ಟು ಅನ್ನಿಸುತ್ತಿರಲಿಲ್ಲ. ಮಳೆಯಲ್ಲಿ ಆಗಾಗ ಸುಮ್ನೆ ಪೆಡಲ್ ಸವರಿ ಡಿಸ್ಕ್ ಒಣಗಿಸಿಕೊಳ್ಳುವುದು ಅಭ್ಯಾಸವಾಗಿದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಗಾಡಿ ಬೇಗ ನಿಲ್ಲುತ್ತಾ? ಇದನ್ನು ಟೇಪ್ ಹಿಡಿದು ನೋಡಿದ್ದೇನೆ. ಇನ್ನೂ ಒಂದು ಮನೆಯೂ ಏಳದ ಲೇಔಟಿನ ಖಾಲಿ ರಸ್ತೆ, ಸುಣ್ಣದಲ್ಲಿ ಒಂದು ಗೆರೆ, ಮೀಟರಲ್ಲಿ ಅರವತ್ತು, ಗೆರೆ ದಾಟಿದ ಕೂಡಲೇ ಪೂರ್ತಿ ಬ್ರೇಕ್. ರಾಣೆಯಲ್ಲೂ ಸೆರಾಮಿಕ್‌ನಲ್ಲೂ ಗಾಡಿ ನಿಂತ ದೂರಕ್ಕೆ ಇದ್ದ ವ್ಯತ್ಯಾಸ ಒಂದು ಮೀಟರಿನ ಒಳಗೆ. ನನ್ನ ಕಾಲಿನ ಹೆಚ್ಚು ಕಡಿಮೆಯೇ ಅಷ್ಟಿರುತ್ತೆ. ಯಾಕೆ ಅಂದರೆ ಎರಡೂ ಪ್ಯಾಡ್ ಚಕ್ರವನ್ನು ಲಾಕ್ ಮಾಡುವಷ್ಟು ಹಿಡಿಯುತ್ತವೆ, ಅಲ್ಲಿಂದ ಮುಂದೆ ರಸ್ತೆ ಹಿಡಿಯಬೇಕಾದ್ದು ಟೈರು. ಆರು ವರ್ಷದ ಕಲ್ಲಾಗಿದ್ದ ಟೈರ್ ತೆಗೆದು ಹೊಸದು ಹಾಕಿಸಿ ಅದೇ ಗೆರೆ ಮೇಲೆ ನೋಡಿದರೆ ಮೂರು ಮೀಟರಿಗಿಂತ ಜಾಸ್ತಿ ಹತ್ತಿರದಲ್ಲಿ ನಿಂತಿತು. ಮೂರು ಮೀಟರ್ ಅಂದರೆ ಮುಂದಿನ ಟ್ರಾಕ್ಟರ್ ಟ್ರೈಲರಿನ ಮುಕ್ಕಾಲು ಭಾಗ.

ತೂತಿನ ಡಿಸ್ಕ್ ಬಗ್ಗೆ ಕೇಳಬೇಡಿ. ನೋಡೋಕೆ ಚೆಂದ. ದಿನಾ ಆಫೀಸಿಗೆ ಹೋಗುವ ಗಾಡಿಗೆ ಅದರಿಂದ ಆಗೋದು ಏನಿಲ್ಲ, ತೂತಿನ ಅಂಚಿಂದ ಬಿರುಕು ಬಿಡುವ ಭಯ ಬೇರೆ. ಸ್ಟೀಲ್ ಹೆಣಿಗೆಯ ಹೋಸ್ (ಬ್ರೇಕ್ ಆಯಿಲ್ ಹೋಗುವ ಪೈಪ್) ಹಾಕಿಸಿದ ಗೆಳೆಯನ ಗಾಡಿ ಓಡಿಸಿದೆ, ಪೆಡಲ್ ಸ್ವಲ್ಪ ಗಟ್ಟಿ ಇದೆ, ನಿಜ. ನಾನು ಬಿರುಕು ಬಿಟ್ಟ ಹಳೇ ರಬ್ಬರ್ ಹೋಸ್ ತೆಗೆದು ಕಂಪನಿಯ ಹೊಸ ರಬ್ಬರ್ ಹಾಕಿಸಿದಾಗ ನನ್ನದೂ ಹೆಚ್ಚುಕಡಿಮೆ ಹಾಗೇ ಆಯಿತು, ಅರ್ಧಕ್ಕಿಂತ ಕಡಿಮೆ ದುಡ್ಡಲ್ಲಿ.

ಬ್ರೇಕ್ ಆಯಿಲ್ ಬಗ್ಗೆ ಮಾತ್ರ ಸೋಂಬೇರಿತನ ಬೇಡ. ಹೆಸರಿಗೆ ಆಯಿಲ್, ಅದು ಗಾಳಿಯಲ್ಲಿನ ತೇವ ಎಳೆದುಕೊಳ್ಳುವ ದ್ರವ. ಡಾಟ್ 3 ಅನ್ನೋ ದರ್ಜೆಯದು ಹೊಸದಾಗಿದ್ದಾಗ 205 ಡಿಗ್ರಿವರೆಗೆ ಕುದಿಯಲ್ಲ, ನೀರು ಎಳೆದುಕೊಂಡ ಮೇಲೆ 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಅದೇ ಲೆಕ್ಕ 230 ಮತ್ತು 155. ಘಾಟಿ ಇಳಿಯುವವರಿಗೆ ಆ ವ್ಯತ್ಯಾಸ ಸಣ್ಣದಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ನನ್ನದು ಮೊದಲ ಸಲ ತೆಗೆದಾಗ ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ಹೊಸದು ತೆಳು ಹಳದಿ. ಬಾನೆಟ್ ಪೇಂಟ್ ಮೇಲೆ ಬೀಳದ ಹಾಗೆ ಬಟ್ಟೆ ಹಾಸಲು ಹೇಳಿ, ಬಿದ್ದರೆ ಪೇಂಟ್ ತಿನ್ನುತ್ತೆ. ಡಾಟ್ 5 ಅಂತ ಬೇರೆ ಸಿಲಿಕೋನಿನದು ಬರುತ್ತೆ, ಅದನ್ನು ಇದರ ಜೊತೆ ಸೇರಿಸಬಾರದು.

ಮುಂದಿನ ಸಲ ಯಾವ ಪ್ಯಾಡ್ ಅಂತ ಕೇಳಿದರೆ, ವಾಪಸ್ ರಾಣೆಗೋ ಕಂಪನಿಯದ್ದಕ್ಕೋ ಹೋಗುತ್ತೇನೆ ಅನ್ನಿಸುತ್ತೆ. ಸೆರಾಮಿಕ್‌ಗೆ ಕೊಟ್ಟ ಒಂದೂವರೆ ಸಾವಿರ ಹೆಚ್ಚುವರಿ ದುಡ್ಡು ಚಕ್ರ ಬೆಳ್ಳಗಿರೋದಕ್ಕೆ ಹೋಯಿತು, ಮಿಕ್ಕಿದ್ದು ಸಾಮಾನ್ಯ ಪ್ಯಾಡಲ್ಲೇ ಇತ್ತು. ಸದ್ಯಕ್ಕೆ ತಲೆನೋವು ಹಿಂದಿನ ಡ್ರಮ್. ಹ್ಯಾಂಡ್‌ಬ್ರೇಕ್ ಆರು ಹಲ್ಲಿಗೆ ಹಿಡಿಯುತ್ತಿದ್ದದ್ದು ಈಗ ಒಂಬತ್ತಕ್ಕೆ ಹೋಗಿದೆ, ಶೂ ಇಷ್ಟು ವರ್ಷದಲ್ಲಿ ಒಂದು ಸಲವೂ ಬದಲಿಸಿಲ್ಲ. ಸೋಮವಾರ ಶೆಡ್ಡಿಗೆ ಬಿಡಬೇಕು, ‘ಡ್ರಮ್ ಜಾಮ್ ಆಗಿರತೈತಿ, ಬೆಳಿಗ್ಗೇನೇ ಬರ್ರಿ’ ಅಂದಿದ್ದಾರೆ ಅಣ್ಣ.