ವೆಕ್ಸೆಲ್ ಲೇಸರಿಗೆ ಗ್ರಾಫೀನ್ ಕನ್ನಡಿ: ಕಾಸರಗೋಡಿನ ಮಳೆಗಾಲಗಳಲ್ಲಿ ಬಳಸಿದ ಮೇಲೆ

ಲೇಸರಿನಿಂದ ಅತಿ ಕಿರಿದಾದ ಪಲ್ಸ್‌ಗಳನ್ನು ಪಡೆಯಲು ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಹಾಸಿದ ಸ್ಯಾಚುರಬಲ್ ಅಬ್ಸಾರ್ಬರ್ ಕನ್ನಡಿ, ಅಂದರೆ ಮಂದ ಬೆಳಕನ್ನು ಹೀರಿ ಪ್ರಖರ ಬೆಳಕನ್ನು ಬಿಟ್ಟುಕೊಡುವ ಕನ್ನಡಿ, ಕೊಳ್ಳುವ ಮೊದಲು ಒಂದು ಅಳತೆ ಕೇಳಿ: ಗ್ರಾಫೀನಿನ ಅಡಿಯಲ್ಲಿರುವ ಸಿಲಿಕಾ ಪದರ ಎಷ್ಟು ದಪ್ಪ? 960 ನ್ಯಾನೊಮೀಟರ್ ತರಂಗಾಂತರದ ವೆಕ್ಸೆಲ್‌ನಲ್ಲಿ (ಅರೆವಾಹಕ ಚಿಪ್ಪಿನ ಎದುರು ಹೊರಗೆ ಕನ್ನಡಿ ಇಟ್ಟು ಕಟ್ಟಿದ ಲೇಸರ್) ಇಂಥ ಕನ್ನಡಿಯನ್ನು ಹಲವು ಮಳೆಗಾಲ ಓಡಿಸಿದ್ದೇವೆ. ಕನ್ನಡಿ ಕೆಲಸಕ್ಕೆ ಬರುವುದೂ ಕೈಕೊಡುವುದೂ ಬಹುಪಾಲು ಆ ದಪ್ಪದಿಂದಲೇ.

ಒಂಟಿ ಪದರದ ಗ್ರಾಫೀನ್ ತನ್ನ ಮೂಲಕ ಹಾಯುವ ಬೆಳಕಿನಲ್ಲಿ ಶೇ. 2.3ರಷ್ಟನ್ನು ಹೀರುತ್ತದೆ. ಕನ್ನಡಿಯ ಎದುರು ಹೋಗುವ, ಬರುವ ಅಲೆಗಳು ಕೂಡಿ ಸ್ಥಿರ ಅಲೆಯಾಗುವುದರಿಂದ ಈ ಲೆಕ್ಕ ಬದಲಾಗುತ್ತದೆ. ಮೇಲ್ಮೈಯಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರ ಸೊನ್ನೆಯಾಗುವಂತೆ ಮಾಡಿದ ಕನ್ನಡಿಗೆ ನೇರವಾಗಿ ಗ್ರಾಫೀನ್ ಅಂಟಿಸಿದರೆ ಅದು ಏನನ್ನೂ ಹೀರುವುದಿಲ್ಲ. ನಡುವೆ ಕಾಲು ತರಂಗದಷ್ಟು, ಅಂದರೆ ಸುಮಾರು 165 ನ್ಯಾನೊಮೀಟರ್ ಸಿಲಿಕಾ ಇದ್ದರೆ ತೀವ್ರತೆ ನಾಲ್ಕು ಪಟ್ಟಾಗಿ ನಷ್ಟ ಶೇ. 9 ದಾಟುತ್ತದೆ. ವೆಕ್ಸೆಲ್ ಚಿಪ್ಪಿನ ಗೇನ್ (ಬೆಳಕನ್ನು ವರ್ಧಿಸುವ ಪ್ರಮಾಣ) ಕೆಲವೇ ಶೇಕಡಾ ಇರುವುದರಿಂದ ಲೇಸರ್ ಹೊತ್ತಿಕೊಳ್ಳುವುದೇ ಇಲ್ಲ. 83 ನ್ಯಾನೊಮೀಟರಿಗೆ ನಷ್ಟ ಶೇ. 3ರ ಹತ್ತಿರ, 55ಕ್ಕೆ ಶೇ. 1.3ರ ಹತ್ತಿರ. 55ರದ್ದರಿಂದ ಆರಂಭಿಸುವುದು ಕ್ಷೇಮ; ಬೆಳಕನ್ನು ಹೊರಬಿಡುವ ಔಟ್‌ಪುಟ್ ಕಪ್ಲರ್ ಕನ್ನಡಿಗೆ ಅರ್ಧ ಶೇಕಡಾ ಕೊಡಲು ಆಗಲೂ ಜಾಗ ಉಳಿಯುತ್ತದೆ. 2013ರಲ್ಲಿ ಜ್ಯೂರಿಕ್‌ನ ಇಟಿಎಚ್ ಮತ್ತು ಕೇಂಬ್ರಿಜ್‌ನ ಸಂಶೋಧಕರು ಈ ಉಪಾಯದಿಂದಲೇ 935ರಿಂದ 981 ನ್ಯಾನೊಮೀಟರ್‌ವರೆಗೆ ಮೋಡ್‌ಲಾಕಿಂಗ್ (ಲೇಸರ್ ಬೆಳಕು ಕಿರು ಪಲ್ಸ್‌ಗಳ ಸಾಲಾಗುವುದು) ಸಾಧಿಸಿದ್ದರು. ಅಷ್ಟು ಅಗಲದ ತರಂಗವ್ಯಾಪ್ತಿಯೇ ಗ್ರಾಫೀನಿನ ನಿಜವಾದ ಬೆಲೆ.

ಎರಡನೆಯ ವಿಷಯ ಬೆಳಕಿನ ಚುಕ್ಕೆಯ ಗಾತ್ರ. ಗೇನ್ ಚಿಪ್ಪಿಗಿಂತ ಮೊದಲು ಗ್ರಾಫೀನ್ ಸ್ಯಾಚುರೇಟ್ ಆಗಬೇಕು, ಅಂದರೆ ಇನ್ನಷ್ಟು ಹೀರಲಾರದ ಸ್ಥಿತಿ ಮುಟ್ಟಬೇಕು. ಆಗದಿದ್ದರೆ ಪಲ್ಸ್ ರೂಪುಗೊಳ್ಳದೆ ಬೆಳಕು ಸುಮ್ಮನೆ ನಿರಂತರವಾಗಿ ಹರಿಯುತ್ತದೆ. ಚಿಪ್ಪಿನ ಮೇಲೆ ತ್ರಿಜ್ಯ 150 ಮೈಕ್ರೊಮೀಟರ್ ಇದ್ದರೆ ಗ್ರಾಫೀನಿನ ಮೇಲೆ 30ಕ್ಕೆ ಇಳಿಸಿ. ವಿಸ್ತೀರ್ಣದಲ್ಲಿ ಇಪ್ಪತ್ತೈದು ಪಟ್ಟು ವ್ಯತ್ಯಾಸ ಸಿಗುತ್ತದೆ. ಆದರೆ ಅಷ್ಟು ಬಿಗಿಯಾದ ಚುಕ್ಕೆಯಲ್ಲಿ ಸಣ್ಣ ಕೊಳೆಯೂ ಸುಡುತ್ತದೆ. ತಾಮ್ರದ ಹಾಳೆಯ ಮೇಲೆ ಬೆಳೆಸಿದ ಗ್ರಾಫೀನನ್ನು ಕನ್ನಡಿಗೆ ದಾಟಿಸುವಾಗ ಆಧಾರಕ್ಕೆ ಹಚ್ಚಿದ ಪಿಎಂಎಂಎ ಎಂಬ ಪ್ಲಾಸ್ಟಿಕ್ ಪೂರ್ತಿ ಹೋಗಿರುವುದಿಲ್ಲ. ಮಡಿಕೆ, ಎರಡು ಪದರದ ತೇಪೆಗಳೂ ಇರುತ್ತವೆ. ಚಿಪ್ಪಿಗೆ ಶಕ್ತಿಯೂಡುವ ಪಂಪ್ ಲೇಸರನ್ನು ತಗ್ಗಿಸಿ, ಕನ್ನಡಿಯನ್ನು 100 ಮೈಕ್ರೊಮೀಟರಿನಷ್ಟು ಸರಿಸುತ್ತಾ ಚೊಕ್ಕ ಜಾಗ ಹುಡುಕಿ, ಆಮೇಲೆ ಶಕ್ತಿ ಏರಿಸಿ. ಲೆನ್ಸ್ ಪೇಪರಿನಿಂದ ಒರೆಸಬೇಡಿ, ಗ್ರಾಫೀನೇ ಎದ್ದು ಬರುತ್ತದೆ. ಒಬ್ಬ ಮಾರಾಟಗಾರ ‘ಒಂಟಿ ಪದರ’ ಎಂಬ ಮಾತಿನ ಮೇಲೆಯೇ ಕನ್ನಡಿ ಕಳಿಸಿದ್ದ. ರಾಮನ್ ನಕ್ಷೆ (ಚದುರಿದ ಬೆಳಕಿನಿಂದ ಪದರದ ಗುಣ ತೋರಿಸುವ ಅಳತೆ) ಇಲ್ಲದೆ ಅದನ್ನು ಒಪ್ಪಬಾರದು: 2ಡಿ ಶೃಂಗ ಒಂದೇ ಆಗಿ, ಜಿ ಶೃಂಗದ ಎರಡು ಪಟ್ಟಾದರೂ ಎತ್ತರವಿರಬೇಕು, ಪ್ರತಿ ಸೆಂಟಿಮೀಟರಿಗೆ 1350ರ ಬಳಿಯ, ದೋಷ ಸೂಚಿಸುವ ಡಿ ಶೃಂಗ ಕಾಣುವಂತಿರಬಾರದು.

ಮೋಡ್‌ಲಾಕಿಂಗ್ ಸರಿಯಾಗಿದೆಯೇ ಎಂದು ನೋಡಲು: 10 ಸೆಂಟಿಮೀಟರ್ ಕ್ಯಾವಿಟಿಗೆ (ಕನ್ನಡಿಗಳ ನಡುವೆ ಬೆಳಕು ಓಡಾಡುವ ದಾರಿ) ಪಲ್ಸ್‌ಗಳ ಆವರ್ತನ ತೋರಿಸುವ ಆರ್‌ಎಫ್ ಅನಲೈಸರಿನಲ್ಲಿ 1.5 ಗಿಗಾಹರ್ಟ್ಸ್ ಗೆರೆ ಅಕ್ಕಪಕ್ಕದ ಮರಿಗೆರೆಗಳಿಲ್ಲದೆ ನಿಲ್ಲಬೇಕು. 500 ಫೆಮ್ಟೊಸೆಕೆಂಡಿನ ಪಲ್ಸಿಗೆ ವರ್ಣಪಟಲ 1.9 ನ್ಯಾನೊಮೀಟರ್ ಸಾಕು. ಅದಕ್ಕಿಂತ ಬಹಳ ಅಗಲವಿದ್ದರೆ ಚರ್ಪ್ ಇದೆ, ಅಂದರೆ ಪಲ್ಸಿನೊಳಗೆ ಬೆಳಕಿನ ಆವರ್ತನ ಬದಲಾಗುತ್ತಾ ಹೋಗುತ್ತಿದೆ ಎಂದರ್ಥ.

ಇನ್ನು ನಮ್ಮ ಹವೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿನಲ್ಲಿ ಚಿಪ್ಪಿನ ಕೂಲಿಂಗ್ ಪ್ಲೇಟನ್ನು ವಿದೇಶದ ಲೇಖನಗಳಲ್ಲಿರುವಂತೆ 10 ಡಿಗ್ರಿಗೆ ಇಳಿಸುವಂತಿಲ್ಲ. ಎಸಿ ಇರುವ 24 ಡಿಗ್ರಿಯ ಕೋಣೆಯಲ್ಲೂ ತೇವಾಂಶ ಶೇ. 60 ಇದ್ದರೆ 16 ಡಿಗ್ರಿಯ ಬಳಿಯೇ ಇಬ್ಬನಿ ಕಟ್ಟುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎಸಿ ನಿಂತು ಕೋಣೆ 27 ಡಿಗ್ರಿ, ತೇವಾಂಶ ಶೇ. 90 ಆದರೆ 25 ಡಿಗ್ರಿಯಲ್ಲೇ ನೀರು ಕೂರುತ್ತದೆ. ಎಸಿ ಓಡುತ್ತಿರುವಾಗ ಪ್ಲೇಟನ್ನು 18ಕ್ಕೆ ಇಡಿ, ಇಲ್ಲವೇ ಪೆಟ್ಟಿಗೆ ಮುಚ್ಚಿ ಒಣ ನೈಟ್ರೋಜನ್ ಹರಿಸಿ. ಬಳಸದ ಕನ್ನಡಿ ಡೆಸಿಕೇಟರಿನಲ್ಲೇ ಇರಲಿ. ಗ್ರಾಫೀನಿನ ಅಡಿಗೆ ನೀರು ನುಗ್ಗಿದರೆ ಪದರ ಗುಳ್ಳೆಯೇಳುತ್ತದೆ.

ತುಲಾವರ್ಷದ (ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆ) ಸಿಡಿಲಿನ ಸಂಜೆ ಕರೆಂಟ್ ಹೋಗುವುದು ಇನ್ನೊಂದು ಗಂಡಾಂತರ. 808 ನ್ಯಾನೊಮೀಟರಿನ ಪಂಪ್ ಯುಪಿಎಸ್‌ನಲ್ಲಿದ್ದು ತಣ್ಣೀರು ಹರಿಸುವ ಚಿಲ್ಲರ್ ಅದರ ಹೊರಗಿದ್ದರೆ, ನೀರು ನಿಂತ ಮೇಲೂ ಪಂಪ್ ಉರಿದು ಚಿಪ್ ಸುಟ್ಟೇಹೋಗುತ್ತದೆ. ನೀರಿನ ಹರಿವು ನಿಂತೊಡನೆ ಪಂಪ್ ಆರುವಂತೆ ಇಂಟರ್‌ಲಾಕ್ ಹಾಕಲೇಬೇಕು.

ಒಂದೇ ತರಂಗಾಂತರದಲ್ಲಿ ಹೆಚ್ಚು ಶಕ್ತಿ ಬೇಕಿದ್ದವರಿಗೆ ಸೆಸಾಮ್ (ಅರೆವಾಹಕದಿಂದ ಮಾಡಿದ ಸ್ಯಾಚುರಬಲ್ ಅಬ್ಸಾರ್ಬರ್ ಕನ್ನಡಿ) ಈಗಲೂ ಮೇಲು: ಅದು ಕಡಿಮೆ ಶಕ್ತಿಗೇ ಸ್ಯಾಚುರೇಟ್ ಆಗುತ್ತದೆ, ಸ್ಯಾಚುರೇಟ್ ಆದ ಮೇಲೂ ಉಳಿಯುವ ನಷ್ಟ ಗ್ರಾಫೀನಿಗಿಂತ ಕಡಿಮೆ. ತರಂಗಾಂತರ ಬದಲಿಸುತ್ತಾ ಪಲ್ಸ್ ಬೇಕಾದವರು ಗ್ರಾಫೀನನ್ನೇ ಕೊಳ್ಳಿ, 55 ಮತ್ತು 83 ನ್ಯಾನೊಮೀಟರಿನ ಎರಡನ್ನೂ ಒಟ್ಟಿಗೆ ತರಿಸಿಕೊಳ್ಳಿ.