ಮನೆಯಲ್ಲಿ ಕೂತು ಮೋಟರ್ ಚಾಲೂ ಮಾಡುವ ನಾಲ್ಕು ದಾರಿ: ನಾನು ಹಾಕಿದ್ದು, ಕಿತ್ತಿದ್ದು, ಉಳಿಸಿಕೊಂಡದ್ದು

ನಮ್ಮ ಹೊಲ ಜಮಖಂಡಿ ತಾಲೂಕಿನಲ್ಲಿ, ಕೃಷ್ಣಾ ನದಿಯ ಹತ್ತಿರ. ಬೆಳೆ ಕಬ್ಬು. ನೀರಿಗೆ ಎರಡು ಮೋಟರು. ಒಂದು ಬೋರಿನದ್ದು, ಏಳೂವರೆ ಎಚ್‌ಪಿ, ಮನೆಯಿಂದ ಸುಮಾರು 600 ಮೀಟರ್. ಇನ್ನೊಂದು ನದಿ ದಂಡೆಯದ್ದು, 10 ಎಚ್‌ಪಿ, ಎರಡೂವರೆ ಕಿಲೋಮೀಟರ್ ದೂರ. ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ರಾತ್ರಿ ಪಾಳಿ ಬಂತೆಂದರೆ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಬಡಿಗೆ ಹಿಡಿದು ಎರಡು ಗಂಟೆಗೆ ಹೊರಡಬೇಕು. ಕಬ್ಬಿನ ಸಾಲಿನಲ್ಲಿ ಹಾವು ಕಂಡ ಮೇಲೆ ಅವ್ವ ನನ್ನನ್ನು ಒಬ್ಬನೇ ಕಳಿಸುವುದನ್ನೇ ಬಿಟ್ಟಳು.

ಹಾಗಾಗಿ ಐದು ವರ್ಷದಲ್ಲಿ ನಾಲ್ಕು ಬಗೆ ಹಾಕಿ ನೋಡಿದೆ. ಆಟೋ ಸ್ವಿಚ್, ಕೈ ರಿಮೋಟ್, ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್, ಕೊನೆಗೆ ಲೋರಾ ಅನ್ನುವ ದೂರ ಮುಟ್ಟುವ ರೇಡಿಯೋ. ಅಂಗಡಿಯಲ್ಲಿ ಎಲ್ಲದಕ್ಕೂ ಒಂದೇ ಮಾತು: "ಮನ್ಯಾಗ ಕುಂತು ಮೋಟರ್ ಚಾಲೂ ಮಾಡ್ರಿ." ಚಾಲೂ ಮಾಡೋದು ನಾಲ್ಕಕ್ಕೂ ಬರುತ್ತದೆ. ಚಾಲೂ ಆಯಿತೋ ಇಲ್ಲವೋ ಅಂತ ತಿರುಗಿ ಹೇಳೋದು ಎರಡಕ್ಕೆ ಮಾತ್ರ ಬರುತ್ತದೆ. ನಾನು ಕಳೆದುಕೊಂಡ ದುಡ್ಡೆಲ್ಲ ಹೋದದ್ದು ಇದು ಗೊತ್ತಿಲ್ಲದ್ದಕ್ಕೇ.

ಮೊದಲೇ ಒಂದು ಮಾತು. ನದಿಯ ಮೋಟರಿಗೆ ಹಳೇ ಹಿಡಿಕೆ ಸ್ಟಾರ್ಟರ್ ಇತ್ತು. ಹಿಡಿಕೆ ಒಂದು ಕಡೆ ಎಳೆದು, ವೇಗ ಬಂದ ಮೇಲೆ ಇನ್ನೊಂದು ಕಡೆ ತಳ್ಳುವಂಥದ್ದು. ಅದಕ್ಕೆ ಯಾವ ರಿಮೋಟೂ ಕೂರುವುದಿಲ್ಲ. ಹಸಿರು, ಕೆಂಪು ಗುಂಡಿ ಇರುವ, ಗುಂಡಿ ಒತ್ತಿದರೆ ಒಳಗಿನ ಕಾಂತವೇ ಸ್ವಿಚ್ ಕೂಡಿಸುವ ಕಾಂಟ್ಯಾಕ್ಟರ್ ಸ್ಟಾರ್ಟರ್ ಬೇಕು. ದೂರದಿಂದ ಚಾಲೂ ಮಾಡುವ ಪೆಟ್ಟಿಗೆಗಿಂತ ಆ ಸ್ಟಾರ್ಟರಿಗೇ ನನಗೆ ಜಾಸ್ತಿ ಖರ್ಚಾಯಿತು. ಅಂಗಡಿಯವರು ಇದನ್ನು ಮೊದಲು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಟೋ ಸ್ವಿಚ್ ಬಗ್ಗೆ ಬೇಗ ಮುಗಿಸುತ್ತೇನೆ. 450 ರೂಪಾಯಿ. ಕರೆಂಟು ಬಂದು ಸ್ವಲ್ಪ ಹೊತ್ತಾದ ಮೇಲೆ ತಾನೇ ಹಸಿರು ಗುಂಡಿ ಒತ್ತಿದಂತೆ ಮಾಡುತ್ತದೆ. ಅಷ್ಟೇ ಅದರ ಕೆಲಸ. ಮಳೆ ಬರುತ್ತಿದೆಯೋ, ಹೊಲ ತುಂಬಿದೆಯೋ ಅದಕ್ಕೆ ಸಂಬಂಧವಿಲ್ಲ. ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಹದಿನೈದು ಮೋಟರ್ ಇದ್ದು, ಎಲ್ಲರೂ ಆಟೋ ಸ್ವಿಚ್ ಹಾಕಿದರೆ ಇನ್ನೂ ಮಜಾ. ಮೋಟರು ಎದ್ದೇಳುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಹದಿನೈದೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಬಿದ್ದು ಸ್ಟಾರ್ಟರುಗಳು ಕಟಕಟ ಅನ್ನುತ್ತವೆ, ಟಿಸಿಯ ಫ್ಯೂಸ್ ಹಾರುತ್ತದೆ. ನಮ್ಮದನ್ನು ನಾನು ಕಿತ್ತದ್ದು ಒಂದು ಮಳೆಗಾಲದ ಬೆಳಗಿನ ಜಾವ. ಪಕ್ಕದ ಹೊಲದ ಕಾಕಾ ಫೋನ್ ಮಾಡಿದರು: "ತಮ್ಮಾ, ನಿಮ್ಮ ಒಡ್ಡು ಒಡದೈತಿ. ನಮ್ಮ ಅರಿಷಿಣ ತೇಲಾಕತ್ತೈತಿ, ಎದ್ದು ಬಾ." ರಾತ್ರಿಯಿಡೀ ಮೇಲಿಂದ ಮಳೆ, ಕೆಳಗಿಂದ ನಮ್ಮ ಬೋರು. ಆ ವರ್ಷ ಕಾಕಾನ ಮುಖ ನೋಡಲು ನನಗೆ ಆಗಲಿಲ್ಲ.

ಆಮೇಲೆ ಕೈ ರಿಮೋಟ್. ಕಾರಿನ ಕೀಲಿಯಂಥ ಸಣ್ಣದಲ್ಲ, ಉದ್ದ ಆಂಟೆನಾ ಇರುವಂಥದ್ದು. 1,800 ರೂಪಾಯಿ, "ಒಂದು ಕಿಲೋಮೀಟರ್ ಹೋಗುತ್ತದೆ" ಅಂತ ಡಬ್ಬಿಯ ಮೇಲೆ ಬರೆದಿತ್ತು. ಇದು 433 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಜೋಡಿಸುವುದು ಸುಲಭ. ಒಂದು ರಿಲೇ, ಅಂದರೆ ಕರೆಂಟಿನಿಂದ ಕೂಡಿ ಬಿಡುವ ಸಣ್ಣ ಸ್ವಿಚ್, ಹಸಿರು ಗುಂಡಿಗೆ ಪಕ್ಕದಲ್ಲಿ, ಇನ್ನೊಂದು ಕೆಂಪು ಗುಂಡಿಯ ತಂತಿಯ ನಡುವೆ. ಒಂದು ಕ್ಷಣ ಕೂಡಿದರೆ ಚಾಲೂ, ಒಂದು ಕ್ಷಣ ಬಿಟ್ಟರೆ ಬಂದ್.

ಮೊದಲ ದಿನ 50 ಮೀಟರ್ ಕೂಡ ಹೋಗಲಿಲ್ಲ! ರಿಸೀವರನ್ನು ಎಲೆಕ್ಟ್ರಿಷಿಯನ್ ನೀಟಾಗಿ ಸ್ಟಾರ್ಟರ್ ಡಬ್ಬಿಯೊಳಗೇ ಕೂರಿಸಿದ್ದ. ಕಬ್ಬಿಣದ ಡಬ್ಬಿ. ರೇಡಿಯೋ ಅಲೆ ಕಬ್ಬಿಣದೊಳಗೆ ನುಗ್ಗುವುದಿಲ್ಲ ಅನ್ನೋದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಪ್ಲಾಸ್ಟಿಕ್ ಡಬ್ಬಿ ತಂದು ಹೊರಗೆ ಕಟ್ಟಿದೆವು. ಸುರುಳಿ ಸುತ್ತಿದ್ದ ಆಂಟೆನಾ ತಂತಿಯನ್ನು ಬಿಚ್ಚಿ ನೇರ ಮಾಡಿದೆವು. ಇದರಲ್ಲಿ ಉದ್ದಕ್ಕೂ ಲೆಕ್ಕ ಇದೆ. 433 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್, ಅದರ ಕಾಲು ಭಾಗ 17. ಗೇಣಿಗಿಂತ ಸ್ವಲ್ಪ ಕಡಿಮೆ. ಉದ್ದ ಇದ್ದಷ್ಟೂ ಒಳ್ಳೆಯದು ಅಂತ ನಾನು ಒಂದು ಮೀಟರ್ ತಂತಿ ಕಟ್ಟಿ ನೋಡಿದೆ, ಕೆಟ್ಟಿತು. 17ಕ್ಕೆ ಕತ್ತರಿಸಿದ ಮೇಲೆ ಸರಿಯಾಯಿತು.

ಫೆಬ್ರವರಿಯಲ್ಲಿ ಕಬ್ಬು ಕಡಿದು ಹೊಲ ಬಯಲಾಗಿತ್ತು. ಮನೆಯ ಮಾಳಿಗೆ ಮೇಲಿಂದ ಗುಂಡಿ ಒತ್ತಿದರೆ ಬೋರು ಎದ್ದಿತು. ಖುಷಿಯೋ ಖುಷಿ. ಸೆಪ್ಟೆಂಬರಿನಲ್ಲಿ ಕಬ್ಬು ಆಳೆತ್ತರ ದಾಟಿದಾಗ ಅದೇ ಮಾಳಿಗೆಯಿಂದ ಹತ್ತು ಸಲ ಒತ್ತಿದರೆ ಒಂದೋ ಎರಡೋ ಸಲ ಮುಟ್ಟುತ್ತಿತ್ತು. ಹಸಿ ಎಲೆ ಅಂದರೆ ನೀರೇ ಅಲ್ವಾ? ಅಲೆಯನ್ನು ಕುಡಿದುಬಿಡುತ್ತದೆ. ಕೊನೆಗೆ 200 ಮೀಟರ್ ನಡೆದು ಹೋಗಿ ಒತ್ತಬೇಕಾಯಿತು. ಅಷ್ಟು ನಡೆದವನಿಗೆ ಉಳಿದ 400 ಮೀಟರ್ ಏನು ದೊಡ್ಡದು?

ಅದಕ್ಕಿಂತ ದೊಡ್ಡ ತೊಂದರೆ ಗುರುತಿನದ್ದು. ಒಂದು ದಿನ ಮಧ್ಯಾಹ್ನ ನಾನು ಉಣ್ಣುತ್ತಾ ಕೂತಾಗ ಬೋರು ತಾನೇ ಚಾಲೂ ಆಯಿತು. ಪಿಶಾಚಿ ಏನೂ ಅಲ್ಲ. ಎರಡು ಹೊಲ ಆಚೆಯವರು ಅದೇ ಅಂಗಡಿಯಿಂದ ಅಂಥದ್ದೇ ರಿಮೋಟ್ ತಂದಿದ್ದರು. ಇವುಗಳೊಳಗಿನ ಸಣ್ಣ ಚಿಪ್ಪಿನಲ್ಲಿ ಗುರುತಿಗೆಂದೇ ಎಂಟು ಕಾಲು ಇರುತ್ತವೆ. ಒಂದೊಂದು ಕಾಲನ್ನು ಮೂರು ರೀತಿ ಜೋಡಿಸಬಹುದು, ಹಾಗಾಗಿ ಒಟ್ಟು 6,561 ಗುರುತು. ಸಾಕಷ್ಟು ಜಾಸ್ತಿ ಅನ್ನಿಸುತ್ತದೆ. ಆದರೆ ನಮ್ಮೆರಡರಲ್ಲೂ ಎಂಟೂ ಕಾಲು ಜೋಡಿಸದೆ ಹಾಗೇ ಬಿಟ್ಟಿದ್ದವು. 6,561 ಕೀಲಿ ಇರುವ ಬೀಗವನ್ನು ಎಲ್ಲರೂ ಒಂದೇ ಕೀಲಿಗೆ ಬಿಟ್ಟ ಹಾಗೆ. ಡಬ್ಬಿ ಬಿಚ್ಚಿ ಮೂರು ಕಾಲಿಗೆ ಬೆಸುಗೆ ಹಾಕಿದೆ, ಗುರುತು ಬೇರೆಯಾಯಿತು. ನೀವು ಈ ಬಗೆಯ ರಿಮೋಟ್ ತಂದರೆ ಮೊದಲು ಮಾಡಬೇಕಾದ ಕೆಲಸ ಇದು.

ಮೂರನೇ ತೊಂದರೆಗೆ ಬೆಸುಗೆಯೂ ಇಲ್ಲ, ತಂತಿಯೂ ಇಲ್ಲ. ರಿಮೋಟ್ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ರೇಡಿಯೋದಿಂದ ನಡೆಯುವ ದೋಣಿಗೆ ಅಮೆರಿಕದಲ್ಲಿ ಪೇಟೆಂಟ್ ತೆಗೆದುಕೊಂಡ, ನಂಬರ್ 613809. ಅದರಲ್ಲಿ ಸಂಕೇತ ಬಂದಾಗಲೆಲ್ಲ ಒಂದು ಚಕ್ರ ಒಂದೊಂದು ಹೆಜ್ಜೆ ತಿರುಗಿ ಚುಕ್ಕಾಣಿ ಎತ್ತ ಹೋಗಬೇಕು ಅಂತ ಬದಲಿಸುತ್ತಿತ್ತು. ಯಾವ ಹೆಜ್ಜೆಯಲ್ಲಿದೆ ಅಂತ ನೋಡಲು ದೋಣಿ ಕಣ್ಣ ಮುಂದೆಯೇ ಇತ್ತು. ನನ್ನ ಮೋಟರು ಕಬ್ಬಿನ ಆಚೆ, ಕತ್ತಲಲ್ಲಿ. ಗುಂಡಿ ಒತ್ತಿದ ಮೇಲೆ ಕಿವಿಗೊಟ್ಟು ನಿಲ್ಲಬೇಕು. ಬೋರಿನ ಮೋಟರು ನೆಲದೊಳಗೆ ಇರುವುದರಿಂದ ಅದರ ಸದ್ದೂ ಬರುವುದಿಲ್ಲ. ಪೈಪಿನ ಬಾಯಲ್ಲಿ ನೀರು ಬಿದ್ದ ಸದ್ದು ಕೇಳಬೇಕು, ಗಾಳಿ ಬೀಸಿದರೆ ಅದೂ ಇಲ್ಲ.

ನದಿಯ ಮೋಟರಿಗೆ ಹಾಕಿದ್ದು ಸಿಮ್ ಇರುವ ಮೊಬೈಲ್ ಸ್ಟಾರ್ಟರ್, 4,200 ರೂಪಾಯಿ. ಎರಡೂವರೆ ಕಿಲೋಮೀಟರ್ ಆದರೇನು, ಹುಬ್ಬಳ್ಳಿಯಲ್ಲಿ ಕೂತು ಕೂಡ ಚಾಲೂ ಮಾಡಬಹುದು. ಮಾಡಿದ್ದೇನೆ, ಮದುವೆ ಊಟದ ಸಾಲಿನಲ್ಲಿ ನಿಂತು. ಪೆಟ್ಟಿಗೆಯ ನಂಬರಿಗೆ ಫೋನ್ ಮಾಡಬೇಕು, ಅದು ಎತ್ತುತ್ತದೆ, 1 ಒತ್ತಿದರೆ ಚಾಲೂ, 2 ಒತ್ತಿದರೆ ಬಂದ್. ನಾವು 1 ಒತ್ತಿದಾಗ 697 ಮತ್ತು 1,209 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೋಗುತ್ತವೆ. ಅಮೆರಿಕದಲ್ಲಿ 1963ರಲ್ಲಿ ಗುಂಡಿ ಒತ್ತುವ ಫೋನಿನ ಜೊತೆ ಬಂದ ಪದ್ಧತಿ ಅದು. ಒಂದೇ ಸ್ವರ ಇದ್ದರೆ ಯಾರಾದರೂ ಸಿಳ್ಳೆ ಹೊಡೆದರೂ ಫೋನು ಮೋಸಹೋದೀತು, ಅದಕ್ಕೇ ಜೋಡಿ ಸ್ವರ.

ಗುರುತಿನ ವಿಷಯದಲ್ಲೂ ಇದು ಗಟ್ಟಿ. ಐದು ನಂಬರ್ ಬರೆಸಬಹುದು, ಬೇರೆ ಯಾರೇ ಫೋನ್ ಮಾಡಿದರೂ ಎತ್ತುವುದಿಲ್ಲ. ಇದನ್ನು ಸೆಟ್ ಮಾಡದೆ ಬಿಟ್ಟರೆ ಸಾಲ ಬೇಕಾ ಅಂತ ಕೇಳುವವರ ಫೋನನ್ನೂ ಪೆಟ್ಟಿಗೆ ಎತ್ತಿಬಿಡುತ್ತದೆ. ಮಿಸ್ಡ್ ಕಾಲ್ ಕೊಟ್ಟರೆ ಚಾಲೂ, ಮತ್ತೊಂದು ಕೊಟ್ಟರೆ ಬಂದ್ ಅನ್ನುವ ವ್ಯವಸ್ಥೆಯೂ ಇದೆ, ಪುಕ್ಕಟೆ. ಅದನ್ನು ಮಾತ್ರ ನಂಬಬೇಡಿ. ನಾನೊಂದು ಕೊಟ್ಟು, ತಮ್ಮ ಒಂದು ಕೊಟ್ಟು, ಇಬ್ಬರೂ ಚಾಲೂ ಮಾಡಿದೆವು ಅಂತ ಮಲಗಿದ ರಾತ್ರಿ ಹನಿ ನೀರೂ ಬರಲಿಲ್ಲ.

ನನಗೆ ನಿಜವಾಗಿ ಹಿಡಿಸಿದ್ದು ಅದು ಉತ್ತರ ಕೊಡುವ ರೀತಿ. ಕರೆಂಟು ಬಂದರೆ ಮೆಸೇಜು, ಒಂದು ಫೇಸ್ ಹೋದರೆ ಮೆಸೇಜು. ಮಾತೂ ಆಡುತ್ತದೆ. ಅವ್ವನಿಗೆ ಓದಲು ಬಾರದು. ಅವಳ ಫೋನಿನಲ್ಲೂ ನಂಬರ್ ಹಾಕಿಕೊಟ್ಟೆ. "ಮೋಟರ್ ಆನ್ ಆಗಿದೆ" ಅಂತ ಪೆಟ್ಟಿಗೆ ಅಂದಾಗ ಅವ್ವ "ಹೂಂ, ಆಗ್ಲಿ ಬಿಡವಾ" ಅಂತ ಉತ್ತರ ಕೊಟ್ಟು ಇಡುತ್ತಾಳೆ.

ಇನ್ನೂ ದೊಡ್ಡ ಗುಣ ಇದೆ. ಮೋಟರ್ ತಿರುಗೋದು ಬೇರೆ, ನೀರು ಬರೋದು ಬೇರೆ. ನದಿಯಲ್ಲಿ ಫುಟ್‌ವಾಲ್ವಿಗೆ (ಪೈಪಿನ ನೀರು ಕೆಳಗಿಳಿಯದಂತೆ ತಡೆಯುವ ಬುಡದ ಕವಾಟ) ಕಸ ಸಿಕ್ಕು ಪೈಪಿನ ನೀರು ಇಳಿದುಹೋದರೆ, ಮೋಟರು ಬರಿದೇ ತಿರುಗಿ ಬಿಸಿಯಾಗುತ್ತದೆ. ನೀರು ಎಳೆಯುವಾಗ ನಮ್ಮದು 14 ಆಂಪಿಯರ್ ತಿನ್ನುತ್ತದೆ, ಬರಿದೇ ತಿರುಗಿದರೆ 8ಕ್ಕೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ 10 ಅಂತ ಇಟ್ಟಿದ್ದೇನೆ. ಅದಕ್ಕಿಂತ ಕೆಳಗೆ ಬಂದರೆ ತಾನೇ ಬಂದ್ ಮಾಡಿ ಫೋನ್ ಮಾಡುತ್ತದೆ. ಒಂದು ಸಲ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಸುವ ಖರ್ಚು ಕೊಟ್ಟವನಿಗೆ ಈ ಒಂದು ಫೋನಿನ ಬೆಲೆ ಗೊತ್ತು.

ಕೆಟ್ಟದ್ದೂ ಇದೆ. ನಮ್ಮ ಪೆಟ್ಟಿಗೆಯೊಳಗಿರುವುದು 2ಜಿ ಮಾಡ್ಯೂಲ್. ಮನೆಯಲ್ಲಿ ಸುಮ್ನೆ ಬಿದ್ದಿದ್ದ 4ಜಿ ಮಾತ್ರ ಹಿಡಿಯುವ ಸಿಮ್ ಹಾಕಿ ಎರಡು ದಿನ ತಲೆ ಕೆಡಿಸಿಕೊಂಡೆ. 2ಜಿ ಇರುವ ಕಂಪನಿಯ ಸಿಮ್ಮೇ ಬೇಕು, ಇಲ್ಲವಾದರೆ ದುಡ್ಡು ಜಾಸ್ತಿ ಕೊಟ್ಟು 4ಜಿ ಪೆಟ್ಟಿಗೆ ತರಬೇಕು. ಈಗ ಹೊಸದಾಗಿ ಕೊಳ್ಳುವವರು 4ಜಿಯದ್ದೇ ತನ್ನಿ. ರಿಚಾರ್ಜ್ ಮರೆತರೆ ಒಳಗೆ ಬರುವ ಕರೆಯೂ ನಿಲ್ಲುತ್ತದೆ, ಅದು ಗೊತ್ತಾಗುವುದು ರಾತ್ರಿ ಎರಡು ಗಂಟೆಗೇ. ಒಳಗಿನ ಬ್ಯಾಟರಿ ನಮ್ಮ ಏಪ್ರಿಲ್ ಬಿಸಿಲಿಗೆ ಒಂದೇ ವರ್ಷದಲ್ಲಿ ಉಬ್ಬಿತು. ಪೆಟ್ಟಿಗೆಯನ್ನು ಎತ್ತರದ ಕಂಬಕ್ಕೆ ಕಟ್ಟಿದ್ದೇನೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಎಲ್ಲಿಗೆ ಬಂದಿದ್ದಳು ಅಂತ ನೋಡಿದವರಿಗೆ ಎಷ್ಟು ಎತ್ತರ ಅಂತ ಹೇಳಬೇಕಿಲ್ಲ.

ಬೋರಿಗೆ ಮತ್ತೊಂದು ಸಿಮ್ ಸಾಕುವ ಮನಸ್ಸಾಗಲಿಲ್ಲ. ಅಕ್ಕನ ಮಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ದೀಪಾವಳಿ ರಜೆಯಲ್ಲಿ ಬಂದವನು ಎರಡು ಲೋರಾ ತುಣುಕು ತಂದು ಬೆಸುಗೆ ಹಾಕುತ್ತಾ ಕೂತ. "ಮಾಮಾ, ಇದು ಸಾವಕಾಶ ಮಾತಾಡ್ತೈತಿ, ಆದ್ರ ದೂರ ಕೇಳಸ್ತೈತಿ" ಅಂದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಒಂದೇ ಕಡೆ ನಿಲ್ಲದೆ, ಸಿಳ್ಳೆಯ ಸ್ವರ ಕೆಳಗಿಂದ ಮೇಲಕ್ಕೆ ಏರಿದಂತೆ ಅಲೆಯನ್ನು ಏರಿಸುತ್ತಾ ಹೋಗುತ್ತದೆ. ಗದ್ದಲದೊಳಗೂ ಆ ಏರಿಕೆಯನ್ನು ಹುಡುಕಿ ಹಿಡಿಯಬಹುದು. ಫ್ರಾನ್ಸಿನ ಒಂದು ಸಣ್ಣ ಕಂಪನಿ ಮಾಡಿದ ಉಪಾಯ, 2012ರಲ್ಲಿ ಅಮೆರಿಕದ ಚಿಪ್ ಕಂಪನಿ ಸೆಮ್‌ಟೆಕ್ ಆ ಕಂಪನಿಯನ್ನು ಕೊಂಡುಕೊಂಡಿತು. ನಾವಿಟ್ಟ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 300 ಬಿಟ್ ಕೂಡ ಹೋಗುವುದಿಲ್ಲ. ಒಂದು ಫೋಟೋ ಕಳಿಸಲು ಬೆಳಗಾದೀತು. ಆದರೆ "ಚಾಲೂ ಆಗು" ಅನ್ನಲು ಎಷ್ಟು ಬೇಕು? ನಮ್ಮ ದೇಶದಲ್ಲಿ ಇದು ಓಡುವುದು 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಹೇಳಿದ ಶಕ್ತಿಯೊಳಗಿದ್ದರೆ ಲೈಸೆನ್ಸ್ ಬೇಡ.

ಖರ್ಚು ಎರಡೂ ಕಡೆಯದ್ದು ಸೇರಿ 3,400. ಮಾಳಿಗೆ ಮೇಲೆ 20 ಅಡಿಯ ಜಿಐ ಪೈಪ್ ನಿಲ್ಲಿಸಿ ಆಂಟೆನಾ ಕಟ್ಟಿದೆವು. ಸೆಪ್ಟೆಂಬರಿನ ತುಂಬು ಕಬ್ಬಿನಲ್ಲೂ ಬೋರು ಹತ್ತಕ್ಕೆ ಹತ್ತು ಸಲ ಉತ್ತರ ಕೊಟ್ಟಿತು. ಉತ್ತರ ಅಂದರೆ ಅಡುಗೆಮನೆ ಗೋಡೆಯ ಮೇಲೆ ಎರಡು ದೀಪ. ಗುಂಡಿ ಒತ್ತಿದರೆ ಕೆಂಪು ಮಿನುಗುತ್ತದೆ, ಆ ಕಡೆ ಕಾಂಟ್ಯಾಕ್ಟರ್ ಕೂಡಿ ಕರೆಂಟು ಹರಿದ ಮೇಲೆ ಹಸಿರು. ಉತ್ತರ ಬಾರದಿದ್ದರೆ ಮನೆಯ ಪೆಟ್ಟಿಗೆ ತಾನೇ ಮೂರು ಸಲ ಬೋರಿನ ಪೆಟ್ಟಿಗೆಯನ್ನು ಕೂಗುತ್ತದೆ. ಹುಡುಗ ಪ್ರತಿ ಕೂಗಿಗೂ ಒಂದೊಂದು ಹೊಸ ಎಣಿಕೆ ಸೇರಿಸಿದ್ದಾನೆ, ಹಳೆಯ ಎಣಿಕೆ ಬಂದರೆ ಬೋರಿನ ಪೆಟ್ಟಿಗೆ ಒಪ್ಪುವುದಿಲ್ಲ. ಕಾರಿನ ಕೀಲಿಯಲ್ಲೂ ಇಂಥದ್ದೇ ಲೆಕ್ಕ ಇರುತ್ತದಂತೆ.

ಅದನ್ನೇ ನದಿಗೂ ಒಯ್ದು ನೋಡಿದೆವು. ಹತ್ತರಲ್ಲಿ ಏಳು. ಮೋಟರು ದಂಡೆಯ ಕೆಳಗೆ ತಗ್ಗಿನಲ್ಲಿದೆ, ನಡುವೆ ಮಣ್ಣಿನ ಗುಡ್ಡ. ಏಳು ಕಡಿಮೆಯೇನಲ್ಲ, ಆದರೆ ಉಳಿದ ಮೂರು ಯಾವ ರಾತ್ರಿ ಬರುತ್ತವೋ. ಅದಕ್ಕೇ ನದಿಗೆ ಸಿಮ್ ಪೆಟ್ಟಿಗೆ, ಬೋರಿಗೆ ಲೋರಾ ಅಂತ ಉಳಿಸಿಕೊಂಡೆ. ನಿಮ್ಮ ಹೊಲದಲ್ಲಿ ಸಿಗ್ನಲ್ ಚೆನ್ನಾಗಿದ್ದು ಇಂಥ ಹುಡುಗ ಯಾರೂ ಇಲ್ಲದಿದ್ದರೆ ಎರಡಕ್ಕೂ ಸಿಮ್ ಪೆಟ್ಟಿಗೆಯೇ ವಾಸಿ. ಅದು ಕೆಟ್ಟರೆ ಜಮಖಂಡಿಯಲ್ಲೇ ರಿಪೇರಿ ಆಗುತ್ತದೆ. ಲೋರಾ ಕೆಟ್ಟರೆ ನಾನು ಹುಡುಗನ ಪರೀಕ್ಷೆ ಮುಗಿಯುವ ತನಕ ಕಾಯಬೇಕು. ನಾಳೆ ಅವನು ಬೆಂಗಳೂರಿಗೆ ನೌಕರಿಗೆ ಹೋದರೆ ಏನು ಕಥೆಯೋ. ಬೆಸುಗೆ ಎಲ್ಲೆಲ್ಲಿ ಹಾಕಿದ್ದಾನೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಟ್ಟಿದ್ದೇನೆ.

ಕೈ ರಿಮೋಟು ಈಗ ದನದ ಕೊಟ್ಟಿಗೆಯಲ್ಲಿದೆ, ಮೇವು ಕತ್ತರಿಸುವ ಯಂತ್ರಕ್ಕೆ. ಹತ್ತು ಹೆಜ್ಜೆ ದೂರ, ಕಣ್ಣ ಮುಂದೆ. ಅಲ್ಲಿ ಅದು ಒಂದು ದಿನವೂ ಕೈ ಕೊಟ್ಟಿಲ್ಲ.

ಮೊನ್ನೆ ರಾತ್ರಿ ಒಂದೂವರೆಗೆ ನದಿಯ ಪೆಟ್ಟಿಗೆ ಫೋನ್ ಮಾಡಿತು. ಆಂಪಿಯರ್ ಇಳಿದಿದೆ, ಬಂದ್ ಮಾಡಿದ್ದೇನೆ ಅಂತ. ಫುಟ್‌ವಾಲ್ವಿಗೆ ಮತ್ತೆ ಕಸ. ಬ್ಯಾಟರಿ, ಬಡಿಗೆ ಹುಡುಕಿ, ಪೈಪಿಗೆ ನೀರು ತುಂಬಲು ಕೊಡವನ್ನು ಗಾಡಿಗೆ ಕಟ್ಟಿಕೊಂಡು ಹೊರಟೆ. ಅವ್ವ ಎದ್ದು ಕೂತು ತಮ್ಮನನ್ನೂ ಎಬ್ಬಿಸಿದಳು.