ರೀಪರ್‌ಗೆ ಹಳೆಯ ಫೈಲ್‌ಗಳನ್ನು ತರುವುದು: ಆರು ವರ್ಷಗಳ ಬಳಕೆಯ ನಂತರ

ಧ್ವನಿಮುದ್ರಣಕ್ಕೂ ಸಂಗೀತ ಜೋಡಣೆಗೂ ಬಳಸುವ ರೀಪರ್ ಎಂಬ ಕಂಪ್ಯೂಟರ್ ತಂತ್ರಾಂಶವನ್ನು ಆರು ವರ್ಷಗಳಿಂದ ಬಳಸುತ್ತಿದ್ದೇನೆ. ಈ ಅವಧಿಯಲ್ಲಿ ಮೈಕ್ ಮುಂದೆ ಕುಳಿತು ಹೊಸದಾಗಿ ಧ್ವನಿಮುದ್ರಿಸಿದ್ದು ಕಡಿಮೆ. ಬೇರೆಯವರು ಕಳಿಸಿದ ಹಾಡುಗಾರಿಕೆ, ಎಂದೋ ಉಳಿಸಿಟ್ಟಿದ್ದ ಮಿಡಿ ಫೈಲ್‌ಗಳು, ಇವುಗಳನ್ನು ತಂದು ಜೋಡಿಸಿದ್ದೇ ಹೆಚ್ಚು. ಹಾಗಾಗಿ ಆ ಒಂದು ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ. ಫೈಲ್ ಒಳಗೆ ಬರುವ ಗಳಿಗೆಯಲ್ಲಿ ತೆಗೆದುಕೊಂಡ ನಿರ್ಧಾರ ಕೊನೆಯ ಮಿಕ್ಸಿಂಗ್‌ವರೆಗೂ ಬೆನ್ನು ಬಿಡುವುದಿಲ್ಲ. ಆ ನಿರ್ಧಾರವನ್ನು ತಾನೇ ಮಾಡದೆ ನನ್ನನ್ನು ಕೇಳುತ್ತದೆ ಎಂಬ ಕಾರಣಕ್ಕೇ ರೀಪರ್ ನನಗೆ ಇಷ್ಟ.

ಆಡಿಯೊ ತರುವುದು ಸುಲಭ. ಫೋಲ್ಡರ್‌ನಿಂದ ಎಳೆದು ಬಿಟ್ಟರೆ ಸಾಕು. ಹಲವು ಫೈಲ್‌ಗಳನ್ನು ಒಟ್ಟಿಗೆ ಬಿಟ್ಟಾಗ ಒಂದೇ ಟ್ರ್ಯಾಕ್‌ನಲ್ಲಿ ಸಾಲಾಗಿ ಬೇಕೋ, ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಬೇಕೋ ಎಂದು ಕೇಳುತ್ತದೆ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆದು ದಾಖಲಿಸಿದೆ ಎಂಬ ಲೆಕ್ಕ, ಒಂದು ಫೈಲ್‌ನಲ್ಲಿ 44.1 ಕಿಲೊಹರ್ಟ್ಸ್, ಇನ್ನೊಂದರಲ್ಲಿ 48 ಇದ್ದರೂ ಎರಡನ್ನೂ ಸರಿಯಾದ ಶ್ರುತಿಯಲ್ಲಿಯೇ ನುಡಿಸುತ್ತದೆ. ಇದರ ಬೆಲೆ ನನಗೆ ಗೊತ್ತು. ಹಿಂದೆ ಬೇರೊಂದು ತಂತ್ರಾಂಶದಲ್ಲಿ 44.1ರ ಹಾಡು 48ರ ವೇಗದಲ್ಲಿ ಓಡಿತ್ತು. ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರಿ, ಗಾಯಕಿ ತನ್ನ ದನಿಯನ್ನೇ ಗುರುತಿಸಲಿಲ್ಲ.

ಎಂಪಿ3 ಫೈಲ್‌ಗಳನ್ನೂ ಇದು ತೆಗೆದುಕೊಳ್ಳುತ್ತದೆ, ಆದರೆ ನಾನು ಆದಷ್ಟು ಬೇಡವೆನ್ನುತ್ತೇನೆ. ಎಂಪಿ3ಗೆ ಕುಗ್ಗಿಸುವಾಗ ಆರಂಭದಲ್ಲಿ ಚಿಕ್ಕದೊಂದು ಮೌನ ಸೇರಿಕೊಳ್ಳುತ್ತದೆ. ಅದು ಸಾವಿರ ಸ್ಯಾಂಪಲ್ (ಹಾಗೆ ಅಳೆದ ಒಂದೊಂದು ಬಿಂದು) ದಾಟಿದರೆ ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟಾಗುತ್ತದೆ. ಹಾಡನ್ನು ಒಂಟಿಯಾಗಿ ಕೇಳಿದರೆ ಇದು ತಿಳಿಯುವುದೇ ಇಲ್ಲ. ತಾಳವಾದ್ಯದ ಪಕ್ಕದಲ್ಲಿಟ್ಟು ಕೇಳಿ, ಪೆಟ್ಟು ಜಾರಿರುವುದು ಕಿವಿಗೆ ಚುಚ್ಚುತ್ತದೆ. ಅದಕ್ಕಾಗಿ ಎಲ್ಲರಿಂದಲೂ 24 ಬಿಟ್ ವೇವ್ ಫೈಲ್ ಕೇಳುತ್ತೇನೆ, ಅದೂ ಹಾಡಿನ ಮೊದಲ ಕ್ಷಣದಿಂದಲೇ ಆರಂಭವಾಗಬೇಕು. ಕೊಳಲು ಮೂರನೇ ನಿಮಿಷದಲ್ಲಿ ಬರುವುದಾದರೂ ಸರಿ, ಅದಕ್ಕೆ ಮುಂಚಿನ ಮೌನವನ್ನೂ ಸೇರಿಸಿ ಕಳಿಸಿ ಎನ್ನುತ್ತೇನೆ. ಆಗ ಎಲ್ಲವನ್ನೂ ಸೊನ್ನೆಯಲ್ಲಿ ಇಟ್ಟರೆ ತಾವಾಗಿಯೇ ಹೊಂದಿಕೊಳ್ಳುತ್ತವೆ.

ಮಿಡಿಯ ಸಂಗತಿ ಬೇರೆ. 1983ರಿಂದ ಬಳಕೆಯಲ್ಲಿರುವ ಈ ಪದ್ಧತಿಯಲ್ಲಿ ಧ್ವನಿ ಇರುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಒತ್ತಿ ಎಂಬ ಸೂಚನೆಗಳಷ್ಟೇ ಇರುತ್ತವೆ. ಹೊಸಬರು ಫೈಲ್ ತಂದು ಏನೂ ಕೇಳಿಸದೆ ಗಾಬರಿಯಾಗುವುದು ಇದಕ್ಕೇ. ಟ್ರ್ಯಾಕ್‌ಗೆ ಒಂದು ವಾದ್ಯದ ಪ್ಲಗಿನ್ (ಆ ವಾದ್ಯದ ದನಿ ಕೊಡುವ ಪುಟ್ಟ ತಂತ್ರಾಂಶ) ಹಾಕಿದೊಡನೆ ಅದು ನುಡಿಯುತ್ತದೆ. ಹಲವು ಟ್ರ್ಯಾಕ್‌ಗಳ ಮಿಡಿ ಫೈಲ್ ತಂದಾಗ ರೀಪರ್ ಎರಡು ಪ್ರಶ್ನೆ ಕೇಳುತ್ತದೆ: ಪ್ರತಿಯೊಂದನ್ನೂ ಪ್ರತ್ಯೇಕ ಟ್ರ್ಯಾಕ್‌ಗೆ ಬಿಡಿಸಬೇಕೇ? ಫೈಲ್‌ನಲ್ಲಿರುವ ಟೆಂಪೊವನ್ನು (ನಿಮಿಷಕ್ಕೆ ಎಷ್ಟು ಬೀಟ್ ಎಂಬ ವೇಗ) ಪ್ರಾಜೆಕ್ಟ್‌ಗೂ ತರಬೇಕೇ?

ಎರಡನೆಯ ಪ್ರಶ್ನೆಯನ್ನು ನಾನೊಮ್ಮೆ ಓದದೆ ಒಪ್ಪಿಬಿಟ್ಟೆ. ಪ್ರಾಜೆಕ್ಟ್ 92ರ ಟೆಂಪೊದಲ್ಲಿತ್ತು, ಹಾಡುಗಾರಿಕೆ ಆಗಲೇ ಕುಳಿತಿತ್ತು. ಬಂದ ಕೀಬೋರ್ಡ್ ಫೈಲ್‌ನಲ್ಲಿ 120 ಎಂದು ಬರೆದಿತ್ತು. ಪ್ಲೇ ಒತ್ತಿದೆ. ಶ್ರುತಿ ಹಾಗೆಯೇ ಇದೆ, ಆದರೆ ಅಕ್ಷರಗಳು ಒಂದರ ಮೇಲೊಂದು ಮುಗಿಬೀಳುತ್ತಿವೆ! ಆಡಿಯೊ ತುಣುಕುಗಳು ಟೆಂಪೊದ ಬೆನ್ನು ಹತ್ತಿ ಕುಗ್ಗಿದ್ದವು. ಟೈಮ್‌ಬೇಸ್ ಎಂಬ ಆಯ್ಕೆ (ತುಣುಕುಗಳು ಬೀಟ್‌ಗೆ ಅಂಟಿಕೊಳ್ಳಬೇಕೋ, ಗಡಿಯಾರದ ಸಮಯಕ್ಕೋ ಎಂಬುದು) ಬೀಟ್ಸ್‌ನಲ್ಲಿದ್ದರೆ ಹೀಗೇ ಆಗುತ್ತದೆ. ಅಂಡೂ ಒತ್ತಿದೆ, ಎಲ್ಲವೂ ಮೊದಲಿನಂತಾಯಿತು. ಅಂದಿನಿಂದ ಹಾಡುಗಾರಿಕೆಯ ಟ್ರ್ಯಾಕ್‌ಗಳಿಗೆ ಟೈಮ್‌ಬೇಸ್ ಅನ್ನು ಟೈಮ್ ಎಂದೇ ಇಡುತ್ತೇನೆ. ಆಡಿಯೊ ಮೊದಲೇ ಇದ್ದರೆ ಟೆಂಪೊ ತರುವುದಿಲ್ಲ. ಖಾಲಿ ಪ್ರಾಜೆಕ್ಟ್‌ನಲ್ಲಾದರೆ ಖಂಡಿತ ತರುತ್ತೇನೆ, ಏಕೆಂದರೆ ಹಾಡಿನ ಕೊನೆಯ ನಿಧಾನಗತಿಯಂಥ ಬದಲಾವಣೆಗಳು ಅದರೊಂದಿಗೇ ಬರುತ್ತವೆ.

ಇನ್ನೊಂದು ವಿಷಯವನ್ನು ಮೊದಲ ದಿನವೇ ಸರಿಪಡಿಸಿಕೊಳ್ಳಿ. ಆಡಿಯೊ ಫೈಲ್ ಎಲ್ಲಿತ್ತೋ ಅಲ್ಲಿಂದಲೇ ರೀಪರ್ ಅದನ್ನು ಓದುತ್ತದೆ, ನೀವು ಹೇಳದ ಹೊರತು ನಕಲು ಮಾಡಿಕೊಳ್ಳುವುದಿಲ್ಲ. ಡಿಸ್ಕ್‌ನಲ್ಲಿ ಜಾಗ ಉಳಿಯುತ್ತದೆ ನಿಜ, 48 ಕಿಲೊಹರ್ಟ್ಸ್‌ನ 24 ಬಿಟ್ ಸ್ಟೀರಿಯೊ ಫೈಲ್ ನಿಮಿಷಕ್ಕೆ ಸುಮಾರು 17 ಎಂಬಿ ತಿನ್ನುತ್ತದೆ. ಆದರೆ ಡೌನ್‌ಲೋಡ್ಸ್ ಫೋಲ್ಡರ್‌ನಿಂದ ನೇರವಾಗಿ ಎಳೆದು, ತಿಂಗಳಾದ ಮೇಲೆ ಆ ಫೋಲ್ಡರನ್ನು ಖಾಲಿ ಮಾಡಿದವನು ನಾನು. ಪ್ರಾಜೆಕ್ಟ್ ತೆರೆದಾಗ ಫೈಲ್ ಸಿಗುತ್ತಿಲ್ಲ, ಎಲ್ಲಿದೆ ಎಂದು ತೋರಿಸಿ ಎಂಬ ಕಿಟಕಿ ಬಂತು. ತೋರಿಸಲು ಏನೂ ಇರಲಿಲ್ಲ. ಹಾಡಿದವರ ಬಳಿಯೂ ಪ್ರತಿ ಉಳಿದಿರಲಿಲ್ಲ. ಎರಡನೇ ಬಾರಿ ಹಾಡಿಸಿದೆವು, ಚೆನ್ನಾಗಿಯೇ ಬಂತು, ಆದರೆ ಪಲ್ಲವಿಗೆ ಮುಂಚಿನ ಆ ಮೊದಲ ಉಸಿರು ಮರಳಲಿಲ್ಲ.

ತಂದ ಫೈಲ್‌ಗಳನ್ನು ಪ್ರಾಜೆಕ್ಟ್ ಫೋಲ್ಡರ್‌ಗೆ ನಕಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಸೇವ್ ಆ್ಯಸ್ ಕಿಟಕಿಯಲ್ಲಿಯೂ ಇದೆ. ಎರಡನ್ನೂ ಬಳಸುತ್ತೇನೆ. ರೀಪರನ್ನು 60 ದಿನ ಎಲ್ಲ ಸೌಲಭ್ಯಗಳೊಂದಿಗೆ ಪರೀಕ್ಷಿಸಿ ನೋಡಲು ಅವಕಾಶವಿದೆ. ಆ ದಿನಗಳಲ್ಲಿ ನಿಮ್ಮ ಹತ್ತಿರವಿರುವ ಅತ್ಯಂತ ಗೋಜಲಿನ ಹಳೆಯ ಹಾಡನ್ನೇ ತಂದು ನೋಡಿ. ಹೋದ ತಿಂಗಳು ನಾನು ನಾಲ್ಕು ವರ್ಷ ಹಳೆಯ ಪ್ರಾಜೆಕ್ಟ್‌ನ ಫೋಲ್ಡರನ್ನು ಹಾಗೆಯೇ ಹೊಸ ಕಂಪ್ಯೂಟರ್‌ಗೆ ಎತ್ತಿಟ್ಟು ತೆರೆದೆ. ಹದಿನಾಲ್ಕು ಟ್ರ್ಯಾಕ್‌ಗಳೂ ತಮ್ಮ ತಮ್ಮ ಜಾಗದಲ್ಲಿದ್ದವು.